ನಮ್ಮನೆಯ ರತ್ನಾಜಿ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ನಾನಿನ್ನೂ ಹಾಸಿಗೆ ಬಿಟ್ಟಿರಲಿಲ್ಲ. ಹೊಸಪೇಟೆಯಿಂದ ತಂಗಿಯ ಫೋನು.

“ಅಣ್ಣಾ, ಕಳಿಸಿದ್ದು ಓದಿದ್ಯಾ?”

“ಓದಿದೆ.”

“ಹೆಂಗೈತಿ?”

“ಕಥಿ ಚಲೋ ಐತಿ. ಆದ್ರ ಆ ಹುಡುಗಿ…”

“ಹುಡುಗಿಗೆ ಏನಾಗೈತಿ?”

“ಯಾರಿಗೂ ಇಷ್ಟ ಆಗಂಗಿಲ್ಲ ಬಿಡವ್ವ ಅವಳು.”

ಆ ಕಡೆ ಎರಡು ಸೆಕೆಂಡ್ ಮೌನ. ಆಮೇಲೆ ಫೋನ್ ಕಟ್.

ನನ್ನ ತಂಗಿ ಹೊಸಪೇಟೆಯ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಹಗಲು ಮಕ್ಕಳಿಗೆ ಚಕ್ರಬಡ್ಡಿ ಹೇಳಿಕೊಡುತ್ತಾಳೆ. ರಾತ್ರಿ ಗಂಡ, ಮಗು ಮಲಗಿದ ಮೇಲೆ ಮೊಬೈಲಿನಲ್ಲಿ ಧಾರಾವಾಹಿ ಕಾದಂಬರಿ ಬರೆಯುತ್ತಾಳೆ. ಪ್ರೀತಿ, ದೆವ್ವ, ಮಾಟ, ಆಫೀಸು, ಟ್ರಾಫಿಕ್ಕು ಎಲ್ಲಾ ಒಂದೇ ಪಾತ್ರೆಯಲ್ಲಿ ಬೇಯುವ ಕಾದಂಬರಿಗಳು. ಇಂಗ್ಲಿಷಿನಲ್ಲಿ ಇವಕ್ಕೆ ಅರ್ಬನ್ ಫ್ಯಾಂಟಸಿ ರೊಮ್ಯಾನ್ಸ್ ಅನ್ನುತ್ತಾರೆ. ಅಂದರೆ ನಿಮ್ಮ ಪಕ್ಕದ ಡೆಸ್ಕಿನವನು ತೋಳ ಆಗಿರಬಹುದು, ಮೆಟ್ರೋದಲ್ಲಿ ಎದುರಿಗೆ ಕೂತವನಿಗೆ ಮುನ್ನೂರು ವರ್ಷ ವಯಸ್ಸಾಗಿರಬಹುದು, ಮತ್ತು ನಿಮಗೆ ಅವನ ಮೇಲೆ ಲವ್ ಆಗಬಹುದು.

ತಂಗಿಯ ಕಥೆ ನಡೆಯುವುದು ಹಂಪಿಯಲ್ಲಿ. ಬೆಂಗಳೂರಿನ ಫೈನಾನ್ಸ್ ಕಂಪನಿಯೊಂದರ ಸಾಲ ವಸೂಲಿ ವಿಭಾಗದ ಹುಡುಗಿ ಹೊಸಪೇಟೆಗೆ ವರ್ಗವಾಗಿ ಬರುತ್ತಾಳೆ. ಒಂದು ರಾತ್ರಿ ಸ್ಕೂಟಿ ಕೆಟ್ಟು ಹಂಪಿಯಲ್ಲೇ ಉಳಿದಾಗ ಹಳೇ ಪಟ್ಟಣ ಎದ್ದು ಕೂರುತ್ತದೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟಿದ್ದಾನಲ್ಲ, ಬೀದಿಯಲ್ಲಿ ವಜ್ರ, ಮಾಣಿಕ್ಯ, ಮುತ್ತು ಮಾರುತ್ತಿದ್ದರು ಅಂತ, ಆ ಬಜಾರೇ ತೆರೆಯುತ್ತದೆ. ಬೇರೆ ಯಾರಾದರೂ ಆಗಿದ್ದರೆ ಮೂರ್ಛೆ ಹೋಗುತ್ತಿದ್ದರು. ಇವಳು ಸತ್ತ ವ್ಯಾಪಾರಿಗಳಿಗೆ ಸಾಲ ಕೊಡಲು ಶುರು ಮಾಡುತ್ತಾಳೆ. ಬಡ್ಡಿ ಸಮೇತ! ಅಲ್ಲಿ ಹೆಬ್ಬಾಗಿಲು ಕಾಯುವ ಕಂಪಿಲಿಯ ಸೈನಿಕನೊಬ್ಬ ಏಳುನೂರು ವರ್ಷದಿಂದ ನಿಂತಿದ್ದಾನೆ. ಅವನೇ ಹೀರೋ.

ನನಗೆ ಐಡಿಯಾ ಬಹಳ ಹಿಡಿಸಿತ್ತು. ಆದರೆ ಹದಿನಾಲ್ಕು ಕಂತು ಓದಿದರೂ ಹುಡುಗಿ ಹಿಡಿಸಲಿಲ್ಲ. ಸುಳ್ಳು ಹೇಳುತ್ತಾಳೆ. ದುಡ್ಡಿನ ಆಸೆ. ಸೈನಿಕನ ಉಂಗುರ ಹೊಡೆಯಲು ಅವನನ್ನು ಪ್ರೀತಿಸುವ ಹಾಗೆ ನಾಟಕ ಮಾಡುತ್ತಾಳೆ. ಒಂದು ಸಲವೂ ಅಳುವುದಿಲ್ಲ, ಒಂದು ಸಲವೂ ಸಾರಿ ಅನ್ನುವುದಿಲ್ಲ.

ನಾನು ಸಾಫ್ಟ್‌ವೇರ್ ಮನುಷ್ಯ. ಯಾರಾದರೂ ಏನಾದರೂ ತೋರಿಸಿದರೆ ಬಗ್ ಹುಡುಕುವುದೇ ನನ್ನ ಕೆಲಸ. ಅವತ್ತು ಸಂಜೆ ತಂಗಿಗೆ ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದೆ. ಒಂದು, ನಾಯಕಿಗೆ ಒಂದು ನಾಯಿಮರಿ ಕೊಡು, ಅದಕ್ಕೆ ಅವಳು ಅನ್ನ ಹಾಕಲಿ. ಎರಡು, ಅವಳ ದುಡ್ಡಿನ ಆಸೆಗೆ ಒಂದು ಕಾರಣ ಕೊಡು, ಅಮ್ಮನ ಆಪರೇಷನ್ ಥರದ್ದು. ಮೂರು, ಐದನೇ ಕಂತಿನೊಳಗೆ ಒಂದು ಸಲ ಅಳಿಸು.

ತಂಗಿಯ ಉತ್ತರ ಬಂತು: “ಹೀರೋಗೆ ಏನೂ ಬಗ್ ಇಲ್ಲೇನು?”

ಇದೆಯಾ ಅಂತ ಮತ್ತೆ ಓದಿದೆ. ಆ ಸೈನಿಕ ಮೂರನೇ ಕಂತಿನಲ್ಲಿ ಅವಳ ಕೈ ಹಿಡಿದು ಎಳೆಯುತ್ತಾನೆ. ಆರನೇ ಕಂತಿನಲ್ಲಿ ಎರಡು ದಿನ ಒಂದು ಮಂಟಪದಲ್ಲಿ ಕೂಡಿ ಹಾಕುತ್ತಾನೆ. ಎಂಟನೇದರಲ್ಲಿ ಅವಳ ಫೋನ್ ಪುಷ್ಕರಣಿಗೆ ಎಸೆಯುತ್ತಾನೆ. ನಾನು ಅದನ್ನೆಲ್ಲ ಓದಿ, “ಸಖತ್ ಹೀರೋ, ಒಳ್ಳೇ ಆಟಿಟ್ಯೂಡ್” ಅಂತ ಬರೆದಿದ್ದೆ.

ತಂಗಿ ಇನ್ನೊಂದು ಸಾಲು ಹಾಕಿದಳು: “ಅವನು ಎಳೆದ್ರ ಆಟಿಟ್ಯೂಡು. ಇವಳು ಒಲ್ಲೆ ಅಂದ್ರ ಧಿಮಾಕು. ಹೌದಿಲ್ಲೋ?”

ನಾನು ಹೆಬ್ಬೆರಳಿನ ಇಮೋಜಿ ಕಳಿಸಿ ಸುಮ್ಮನಾದೆ.

ಸುಮ್ಮನಾದೆ ಹೊರತು ತಲೆ ಸುಮ್ಮನಾಗಲಿಲ್ಲ. ಈ ಜಾತಿಯ ಪುಸ್ತಕಗಳನ್ನು ನಾನೂ ಓದಿದ್ದೇನೆ, ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಹುಡುಗರಿಗೆ ಕಾಣದ ಹಾಗೆ. 2005ರಲ್ಲಿ ಬಂದ ‘ಟ್ವೈಲೈಟ್’ ನೆನಪು ಮಾಡಿಕೊಳ್ಳಿ. ಎಡ್ವರ್ಡ್ ಅನ್ನುವ ರಕ್ತಪಿಪಾಸು ಹುಡುಗ ರಾತ್ರಿ ಹೇಳದೆ ಕೇಳದೆ ಹುಡುಗಿಯ ಕೋಣೆಗೆ ನುಗ್ಗಿ ಅವಳು ಮಲಗಿರುವುದನ್ನು ನೋಡುತ್ತಾ ಕೂರುತ್ತಾನೆ. ನಮ್ಮ ಓಣಿಯಲ್ಲಿ ಯಾರಾದರೂ ಹಾಗೆ ಮಾಡಿದರೆ ಕಂಬಕ್ಕೆ ಕಟ್ಟುತ್ತಾರೆ. ಪುಸ್ತಕದಲ್ಲಿ ಅದು ಪ್ರೀತಿ. ಅದೇ ಲೋಕದಲ್ಲಿ ಒರಟು ನಾಯಕಿಯರೂ ಇದ್ದಾರೆ. 1993ರಿಂದ ಬರುತ್ತಿರುವ ಅನಿಟಾ ಬ್ಲೇಕ್ ಸತ್ತವರನ್ನು ಎಬ್ಬಿಸಿ ಅದಕ್ಕೆ ಸಂಬಳ ತಗೊಳ್ಳುವವಳು, 2007ರಲ್ಲಿ ಬಂದ ಕೇಟ್ ಡೇನಿಯಲ್ಸ್ ಅಟ್ಲಾಂಟಾದಲ್ಲಿ ಕತ್ತಿ ಹಿಡಿದು ಬಾಡಿಗೆಗೆ ಹೊಡೆದಾಡುವವಳು. ಇಬ್ಬರ ಬಾಯಿಯೂ ಬೊಂಬಾಯಿ. ಆದರೆ ಅವರು ಹೊಡೆಯುವುದು ಹೆಚ್ಚಾಗಿ ದುಷ್ಟರನ್ನೇ, ಹಾಗಾಗಿ ಅವರ ಒರಟುತನ ನಡೆದುಹೋಗುತ್ತದೆ. ತಂಗಿಯ ಹುಡುಗಿಗೆ ಆ ರಿಯಾಯಿತಿಯೂ ಇಲ್ಲ. ಅವಳಿಗೆ ಏನೋ ಬೇಕು, ಅದನ್ನು ತಗೊಳ್ಳಲು ಹೊರಟಿದ್ದಾಳೆ, ಅಷ್ಟೇ.

ನಮ್ಮಲ್ಲೇ ನೋಡಿ. ಗಿರೀಶ ಕಾರ್ನಾಡರ ‘ನಾಗಮಂಡಲ’ದ ಅಪ್ಪಣ್ಣ ಹೆಂಡತಿಯನ್ನು ಮನೆಯೊಳಗೆ ಹಾಕಿ ಬೀಗ ಜಡಿದು ಇನ್ನೊಬ್ಬಳ ಮನೆಗೆ ಹೋಗುವವನು. ರಾತ್ರಿ ಅವನದೇ ರೂಪದಲ್ಲಿ ನಾಗ ಬಂದು ಅವಳನ್ನು ಪ್ರೀತಿಸುತ್ತಾನೆ. 1997ರಲ್ಲಿ ನಾಗಾಭರಣರು ಅದನ್ನು ಸಿನಿಮಾ ಮಾಡಿದಾಗ ಇಬ್ಬರದ್ದೂ ಒಂದೇ ಮುಖ, ಪ್ರಕಾಶ್ ರೈ ಅವರದ್ದು. ಹಗಲು ಕಂಡರಾಗದ ಮುಖ ರಾತ್ರಿ ಚೆಂದ ಕಾಣುತ್ತದೆ. ಆದರೆ ಆ ನಾಟಕದಲ್ಲಿ ಅಪ್ಪಣ್ಣ ಯಾಕೆ ಹಾಗೆ ಅಂತ ಯಾರೂ ಕಾರಣ ಕೇಳುವುದಿಲ್ಲ. ಅವನಿಗೆ ನಾಯಿಮರಿ ಕೊಡಿ ಅಂತ ಯಾರೂ ಹೇಳುವುದಿಲ್ಲ. ಗಂಡಸು ಹಂಗೇ ಅಂತ ಮುಂದಕ್ಕೆ ಹೋಗುತ್ತೇವೆ.

ವಾರ ಬಿಟ್ಟು ತಂಗಿಗೆ ನಾನೇ ಫೋನ್ ಮಾಡಿದೆ. ಸಿಟ್ಟು ಇಳಿದಿತ್ತು.

“ಆ ಹುಡುಗಿ ಯಾರ ಥರಾನೋ ಅದಾಳಲ್ಲ?” ಅಂದೆ.

“ಗೊತ್ತಾಗ್ಲಿಲ್ಲೇನಣ್ಣಾ? ಸಣ್ಣವ್ವನ್ನ ನೋಡಿ ಬರದೀನಿ.”

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಸಣ್ಣವ್ವ ಅಂದರೆ ನಮ್ಮ ದೊಡ್ಡಪ್ಪನ ಎರಡನೇ ಹೆಂಡತಿ. ಲೆಕ್ಕಕ್ಕೆ ದೊಡ್ಡವ್ವನೇ. ಆದರೆ 1998ರಲ್ಲಿ ಮದುವೆಯಾಗಿ ನಮ್ಮೂರಿಗೆ ಬಂದಾಗ ಅವಳಿಗೆ ಹತ್ತೊಂಬತ್ತು, ದೊಡ್ಡಪ್ಪನಿಗೆ ನಲವತ್ತೈದು. ಅಷ್ಟು ಸಣ್ಣವಳನ್ನು ದೊಡ್ಡವ್ವ ಅನ್ನಲು ಯಾರಿಗೂ ನಾಲಿಗೆ ಹೊರಳಲಿಲ್ಲ, ಸಣ್ಣವ್ವ ಅಂದುಬಿಟ್ಟರು. ತೀರಿಹೋದ ಮೊದಲ ದೊಡ್ಡವ್ವನ ಮಗ, ನಮ್ಮ ದೊಡ್ಡಣ್ಣ, ಆಗ ಹದಿನೇಳರ ಹುಡುಗ. ತಾಯಿಗೂ ಮಗನಿಗೂ ಎರಡೇ ವರ್ಷದ ಅಂತರ.

ನಮ್ಮೂರು ಕಂಪ್ಲಿಯ ಹತ್ತಿರ. ಕಾಲುವೆ ನೀರು, ಭತ್ತ, ಕಬ್ಬು, ಸೊಳ್ಳೆ. ಕಂಪ್ಲಿ ಸೀಮೆಯಲ್ಲಿ ಹುಟ್ಟಿದವರಿಗೆ ಎಲ್ಲಕ್ಕೂ ಮೊದಲು ಗೊತ್ತಾಗುವ ಕಥೆ ಕುಮಾರರಾಮನದು. ಕಂಪಿಲರಾಯನ ಮಗ, ಗಂಡುಗಲಿ, ಪರನಾರೀ ಸಹೋದರ. 16ನೇ ಶತಮಾನದ ನಂಜುಂಡ ಕವಿ ಅವನ ಮೇಲೆ ಸಾಂಗತ್ಯದಲ್ಲಿ ದೊಡ್ಡ ಕಾವ್ಯವನ್ನೇ ಬರೆದ. ಶಿವರಾಜ್‌ಕುಮಾರ್ ಅವನ ಪಾತ್ರ ಮಾಡಿದ ಸಿನಿಮಾನೂ ಬಂತು. ಆದರೆ ನನಗೆ ಆ ಕಥೆ ಸಿಕ್ಕಿದ್ದು ಬಯಲಾಟದಲ್ಲಿ, ಹತ್ತು ವರ್ಷದವನಿದ್ದಾಗ, ಸುಗ್ಗಿ ಮುಗಿದ ಮೇಲೆ, ಚಾಪೆ ಹಾಸಿಕೊಂಡು ಅಜ್ಜಿಯ ತೊಡೆ ಮೇಲೆ ತಲೆಯಿಟ್ಟು.

ಕಥೆ ಇಷ್ಟು. ಕಂಪಿಲರಾಯ ವಯಸ್ಸಾದ ಮೇಲೆ ತಂದುಕೊಂಡ ಚಿಕ್ಕ ಪ್ರಾಯದ ರಾಣಿ ರತ್ನಾಜಿ. ರಾಜ ಬೇಟೆಗೆ ಹೋದ ದಿನ ಕುಮಾರರಾಮ ಚೆಂಡಾಡುತ್ತಾನೆ. ಚೆಂಡು ರತ್ನಾಜಿಯ ಮನೆಗೆ ಬೀಳುತ್ತದೆ. ತರಲು ಹೋದವನನ್ನು ಅವಳು ಬಯಸುತ್ತಾಳೆ. ‘ನೀನು ತಾಯಿ’ ಅಂತ ಅವನು ಕೈ ಮುಗಿದು ಹೊರಡುತ್ತಾನೆ. ರಾಜ ಬಂದ ಮೇಲೆ ಅವಳು ‘ನಿನ್ನ ಮಗ ನನ್ನ ಮೇಲೆ ಕೈ ಮಾಡಿದ’ ಅನ್ನುತ್ತಾಳೆ. ರಾಜ ಮಗನ ತಲೆ ತರಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೆ ತಲೆ ತೋರಿಸುತ್ತಾನೆ. ಮುಂದೆ ದಿಲ್ಲಿಯ ಸೈನ್ಯ ಬಂದಾಗ ರಾಮ ಹೊರಗೆ ಬಂದು ಕಾದಾಡಿ ಸಾಯುತ್ತಾನೆ. ಅವನು ಬದುಕಿದ್ದ ಅಂತ ಗೊತ್ತಾದ ಗಳಿಗೆಯಲ್ಲಿ, ನಮ್ಮೂರ ಆಟದಲ್ಲಿ, ರತ್ನಾಜಿ ನೇಣು ಹಾಕಿಕೊಳ್ಳುತ್ತಿದ್ದಳು. ಜನ ಶಿಳ್ಳೆ ಹೊಡೆಯುತ್ತಿದ್ದರು.

ಇತಿಹಾಸ ಹೇಳುವುದು ಬೇರೆ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ಸೈನ್ಯ ಕಂಪಿಲಿಗೆ ಬಂದದ್ದು, ಅವನ ವಿರುದ್ಧ ದಂಗೆಯೆದ್ದು ಓಡಿ ಬಂದ ಸಂಬಂಧಿ ಬಹಾವುದ್ದೀನನಿಗೆ ಕಂಪಿಲರಾಯ ಆಶ್ರಯ ಕೊಟ್ಟಿದ್ದಕ್ಕೆ. ಇಬ್ನ್ ಬತೂತ ಇದನ್ನು ಬರೆದಿದ್ದಾನೆ. ನಂಬಿ ಬಂದವನನ್ನು ಬಿಟ್ಟುಕೊಡಲಾರೆ ಅಂತ ರಾಜ ಸತ್ತ, ಹೆಂಗಸರು ಬೆಂಕಿಗೆ ಬಿದ್ದರು. ರತ್ನಾಜಿಯ ಹೆಸರು ಅಲ್ಲೆಲ್ಲೂ ಇಲ್ಲ. ಆದರೂ ನಮ್ಮೂರ ಚಹಾದಂಗಡಿ ಕಟ್ಟೆಯಲ್ಲಿ ಕೇಳಿ, “ಒಂದು ಹೆಣ್ಣಿನಿಂದ ಕಂಪ್ಲಿ ಹಾಳಾತು” ಅನ್ನುತ್ತಾರೆ.

ರತ್ನಾಜಿ ನಮ್ಮವಳೊಬ್ಬಳೇ ಅಂತಲೂ ಅಲ್ಲ. ತೆಲುಗು ಕಡೆ ಸಾರಂಗಧರನಿಗೆ ಚಿತ್ರಾಂಗಿ ಇದ್ದಾಳೆ. ಅಶೋಕನ ಮಗ ಕುಣಾಲನಿಗೆ ತಿಷ್ಯರಕ್ಷಿತೆ. ಗ್ರೀಸಿನಲ್ಲಿ ಹಿಪ್ಪೊಲಿಟಸ್‌ಗೆ ಫೇಡ್ರಾ. ಎಲ್ಲ ಕಡೆಯೂ ಮಲತಾಯಿ, ಎಲ್ಲ ಕಡೆಯೂ ಸುಂದರ ಮಗ, ಹೆಚ್ಚಿನ ಕಡೆ ದೂರು. ಕ್ರಿ.ಪೂ. 428ರಲ್ಲೇ ಯುರಿಪಿಡೀಸ್ ತನ್ನ ಫೇಡ್ರಾಗೆ ಒಂದು ಸಂಕಟ ಕೊಟ್ಟಿದ್ದ. ಅವಳು ಆಸೆಯನ್ನು ಬಾಯಿ ಕಚ್ಚಿ ಹಿಡಿದಿರುತ್ತಾಳೆ, ದಾದಿ ಹೋಗಿ ಹೇಳಿಬಿಡುತ್ತಾಳೆ. ಹಾಗಂತ ಅವಳೇನೂ ನಿರಪರಾಧಿ ಅಲ್ಲ, ಸಾಯುವಾಗ ಸುಳ್ಳು ದೂರು ಬರೆದಿಟ್ಟೇ ಸಾಯುತ್ತಾಳೆ.

ಬಯಲಾಟ ನೋಡಿದವರಿಗೆ ಗೊತ್ತು, ಅಲ್ಲಿ ಯಾವ ಪಾತ್ರವೂ ಸುಮ್ಮನೆ ಬಂದು ನಿಲ್ಲುವ ಹಾಗಿಲ್ಲ. ಸಾರಥಿ ತಡೆದು ಕೇಳುತ್ತಾನೆ: ತಾವು ಯಾರು, ಎಲ್ಲಿಯವರು, ಇಲ್ಲಿಗೆ ಬಂದ ಕಾರಣವೇನು. ರಾಜ ಬರಲಿ, ರಾಕ್ಷಸ ಬರಲಿ, ಈ ಪ್ರಶ್ನೆಗೆ ಉತ್ತರ ಹೇಳಿಯೇ ಮುಂದಿನ ಮಾತು. ನಮ್ಮೂರಲ್ಲಿ ರತ್ನಾಜಿಯ ಪಾತ್ರ ಮಾಡುತ್ತಿದ್ದವನು ಊರ ಟೈಲರ್. ಆಟದ ದಿನ ಮೀಸೆ ಬೋಳಿಸುತ್ತಿದ್ದ. ಸಾರಥಿ ಕೇಳಿದಾಗ ಕೊರಳು ಕೊಂಕಿಸಿ ಅರ್ಧ ಗಂಟೆ ತನ್ನ ಚೆಲುವು, ತನ್ನ ಸೀರೆ, ಮುದಿ ರಾಜನ ಜೊತೆ ತನ್ನ ಇರುಳು ಎಲ್ಲಾ ಹೇಳುತ್ತಿದ್ದ. ಹೆಂಗಸರ ಕಡೆ ಆಗ ಪಿಸುಮಾತೂ ಇರುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದಳು. ಆಟ ಮುಗಿದ ಮೇಲೂ ತಿಂಗಳುಗಟ್ಟಲೆ ಹುಡುಗರು ಅವನನ್ನು “ಏ ರತ್ನಾಜಿ, ಅಂಗಿ ಹೊಲದಿಯೇನ” ಅಂತ ಕೂಗುತ್ತಿದ್ದರು. ಅವನು ನಗುತ್ತಿದ್ದ.

ಅದೇ ವರ್ಷ ಯಾರೋ ಅದೇ ಹೆಸರನ್ನು ಸಣ್ಣವ್ವನಿಗೆ ಇಟ್ಟರು. ಯಾರು ಅಂತ ಗೊತ್ತಿಲ್ಲ. ಚಿಕ್ಕ ವಯಸ್ಸಿನ ಹೆಂಡತಿ, ಮುದಿ ಗಂಡ, ಮೀಸೆ ಚಿಗುರಿದ ಮಗ ಒಂದೇ ಮನೆಯಲ್ಲಿ. ಊರಿಗೆ ಇನ್ನೇನು ಬೇಕು? ಟೈಲರಿಗೆ ಬಣ್ಣ ತೊಳೆದರೆ ಹೋಗುವ ಹೆಸರು ಸಣ್ಣವ್ವನಿಗೆ ಹೋಗಲಿಲ್ಲ. ನೀರು ತರಲು ಹೋದರೆ ರತ್ನಾಜಿ, ಕಂಪ್ಲಿ ಸಂತೆಗೆ ಹೊಸ ಸೀರೆ ಉಟ್ಟು ಹೋದರೆ ರತ್ನಾಜಿ.

ಅವಳೂ ಪಾಪದವಳೇನಲ್ಲ, ಅದನ್ನೂ ಹೇಳಬೇಕು. ಬಾಯಿ ಜೋರು. ಬೆಲ್ಲದ ಡಬ್ಬಿಗೆ ಬೀಗ. ನಮ್ಮವ್ವನ ಜೊತೆ ನೀರಿನ ಪಾಳಿಗೆ ಜಗಳ. ಒಂದು ಸಲ ನಾನು ಮಾವಿನಕಾಯಿ ಕೇಳಿದಾಗ “ನಿಮ್ಮ ಗಿಡದಾಗ ಇಲ್ಲೇನು?” ಅಂದಳು. ನಾನು ಅಂಗಳದ ಆ ಕಡೆ ಓಡಿಹೋಗಿ ನಿಂತು ಪೂರ್ತಿ ಗಂಟಲಲ್ಲಿ ಕೂಗಿದೆ: “ರತ್ನಾಜೀ!”

ಅವಳು ಹೊಡೆಯಲಿಲ್ಲ, ಬೈಯಲಿಲ್ಲ. ಕೈಯಲ್ಲಿದ್ದ ಮೊರ ಕೆಳಗಿಟ್ಟು ಒಳಗೆ ಹೋದಳು.

ಕೆಲವು ವರ್ಷದ ಮೇಲೆ ದೊಡ್ಡಣ್ಣ ಮನೆ ಬಿಟ್ಟ. ಆಗ ಕಬ್ಬಿಣದ ಅದಿರಿಗೆ ಬಂಗಾರದ ಬೆಲೆ ಬಂದ ಕಾಲ. ಸಂಡೂರಿನ ಗುಡ್ಡಗಳಿಂದ ಹಗಲೂ ರಾತ್ರಿ ಲಾರಿಗಳು ಇಳಿಯುತ್ತಿದ್ದವು, ಹೊಸಪೇಟೆ ರಸ್ತೆಯ ಮರಗಳ ಎಲೆಯೂ ಕೆಂಪು. ತಾಯಿ ಪಾರ್ವತಿಯ ಮೇಲೆ ಮುನಿಸಿಕೊಂಡು ಕುಮಾರಸ್ವಾಮಿ ಬಂದು ನಿಂತ ಬೆಟ್ಟ ಅಂತ ಸಂಡೂರಿಗೆ ಒಂದು ಕಥೆ ಇದೆ. ನಮ್ಮ ದೊಡ್ಡಣ್ಣನೂ ಹಂಗೇ ಹೋದ ಅಂತ ಅಜ್ಜಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಊರಿನವರು ಮಾತ್ರ “ರತ್ನಾಜಿ ಮಗನ್ನ ಓಡಿಸಿದ್ಲು” ಅಂದರು. ಅವನು ಡ್ರೈವರ್ ಆದ, ಆಮೇಲೆ ಸಾಲ ಮಾಡಿ ಸ್ವಂತ ಟಿಪ್ಪರ್ ತಗೊಂಡ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಕಂತು ಕಟ್ಟಲಾಗದೆ ಟಿಪ್ಪರ್ ಹೋಯಿತು. ವಸೂಲಿಯವರು ನಮ್ಮ ಮನೆಬಾಗಿಲಿಗೂ ಬಂದಿದ್ದರು, ಅವರಲ್ಲೊಬ್ಬಳು ಹುಡುಗಿ. ಆಗ ಪಿಯುಸಿ ಓದುತ್ತಿದ್ದ ತಂಗಿ ಬಾಗಿಲ ಸಂದಿಯಲ್ಲಿ ಅವಳನ್ನೇ ನೋಡುತ್ತಾ ನಿಂತಿದ್ದಳಂತೆ. ಈಗ ದೊಡ್ಡಣ್ಣ ಹಂಪಿಯಲ್ಲಿ ಆಟೋ ಓಡಿಸುತ್ತಾನೆ. ಪ್ರವಾಸಿಗಳಿಗೆ ವಿಠ್ಠಲ ದೇವಸ್ಥಾನ, ಕಮಲ ಮಹಲು ತೋರಿಸುತ್ತಾ ರಾಜರ ಕಥೆ ಹೇಳುತ್ತಾನೆ. ಸಣ್ಣವ್ವನ ಮನೆ ಹೊಸಿಲು ಮಾತ್ರ ತುಳಿಯುವುದಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೊರಟೆ. ಹಂಪಿ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತ್‌ನಲ್ಲಿ ಮಲಗಿ ಸಲ್ಮಾನ್ ರಶ್ದಿಯ ‘ವಿಕ್ಟರಿ ಸಿಟಿ’ ಓದಿದೆ. 2023ರಲ್ಲಿ ಬಂದ ಪುಸ್ತಕ, ಕೊಂಡು ಇಟ್ಟೇ ಇದ್ದೆ. ಅದು ಶುರುವಾಗುವುದೇ ನಮ್ಮ ಕಂಪಿಲಿ ಬೀಳುವುದರಿಂದ. ಒಂಬತ್ತು ವರ್ಷದ ಪಂಪಾ ಕಂಪಾನ ಅನ್ನುವ ಹುಡುಗಿ ತನ್ನ ತಾಯಿ ಬೆಂಕಿಗೆ ನಡೆದು ಹೋಗುವುದನ್ನು ನೋಡುತ್ತಾಳೆ. ದೇವಿ ಅವಳ ಬಾಯಲ್ಲಿ ಮಾತಾಡುತ್ತಾಳೆ. ಅವಳು ಬೀಜ ಕೊಟ್ಟು ಒಂದು ಪಟ್ಟಣವನ್ನೇ ಬೆಳೆಸುತ್ತಾಳೆ, ಅದೇ ನಮ್ಮ ಹಂಪಿ. 247 ವರ್ಷ ಬದುಕುತ್ತಾಳೆ. ಪಟ್ಟಣ, ಮಾಟ, ಪ್ರೀತಿ ಎಲ್ಲಾ ಇದೆ. ಅವಳ ಪ್ರಿಯಕರನ ಹೆಸರು ಡೊಮಿಂಗೊ ನೂನಿಜ್. ಪಾಯೆಸ್ ಮತ್ತು ನೂನಿಜ್ ಅನ್ನುವ ಇಬ್ಬರು ನಿಜ ಪ್ರವಾಸಿಗಳನ್ನು ಕಲಸಿ ಮಾಡಿದ್ದು. ಅವಳ ಗಂಡುಮಕ್ಕಳ ಹೆಸರು ಎರಪಳ್ಳಿ, ಭಾಗವತ್, ಗುಂಡಪ್ಪ! ನಮ್ಮ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ನೆನಪಾಗಿ ಬರ್ತ್ ಮೇಲೆ ಒಬ್ಬನೇ ನಕ್ಕೆ.

ಆದರೆ ನಗು ನಿಂತದ್ದು ಆ ಮೂರು ಮಕ್ಕಳ ಗತಿ ಓದಿದಾಗ. ಹೆಣ್ಣುಮಕ್ಕಳಿಗೂ ಸಿಂಹಾಸನದ ಹಕ್ಕು ಬೇಕು ಅಂತ ಪಂಪಾ ಹೇಳುತ್ತಾಳೆ, ಗಂಡುಮಕ್ಕಳು ತಿರುಗಿ ಬೀಳುತ್ತಾರೆ, ಹೆತ್ತ ಮಕ್ಕಳನ್ನೇ ಅವಳು ಗಡೀಪಾರು ಮಾಡಿಸುತ್ತಾಳೆ. ಕರುಳು ಇಲ್ಲದವಳು ಅನ್ನಿಸಿತು. ಅವಳು ಕೇಳಿದ್ದು ಸರಿ, ಮಾಡಿದ್ದು ತಪ್ಪು. ಎರಡೂ ಒಂದೇ ಹೆಂಗಸು. ರಶ್ದಿ ಅವಳನ್ನು ನಮಗೆ ಒಪ್ಪಿಸಲು ಹೋಗುವುದಿಲ್ಲ. ಪುಸ್ತಕ ಮುಚ್ಚಬೇಕು ಅನ್ನಿಸಲಿಲ್ಲ. ಮುಂದೇನು ಮಾಡುತ್ತಾಳೆ ಅಂತ ರಾತ್ರಿ ಎರಡರ ತನಕ ಮೊಬೈಲ್ ಟಾರ್ಚ್ ಹಿಡಿದೆ.

ಊರಿಗೆ ಹೋದ ಮಾರನೇ ದಿನ ಸಣ್ಣವ್ವನ ಮನೆಗೆ ಹೋದೆ. ದೊಡ್ಡಪ್ಪ ತೀರಿಹೋಗಿ ಆರು ವರ್ಷ. ಅವಳು ಹಿತ್ತಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಮಹಿಳಾ ಸಂಘದ ಲೆಕ್ಕದ ಪುಸ್ತಕ ಪಕ್ಕದಲ್ಲಿತ್ತು. ಊರಿನ ಅರ್ಧ ಹೆಂಗಸರ ಸಾಲ ಅವಳ ಬೆರಳ ತುದಿಯಲ್ಲಿ.

“ಸಣ್ಣವ್ವ, ಒಂದು ಕೇಳ್ಲಾ?”

“ಸಾಲ ಬಿಟ್ಟು ಏನರ ಕೇಳು ತಮ್ಮಾ.”

“ನಿನಗ ಊರಾಗ ರತ್ನಾಜಿ ಅಂತಿದ್ರಲ್ಲ, ಗೊತ್ತಿತ್ತೇನು?”

“ಗೊತ್ತಿರಲಾರದೇನು? ನೀನೂ ಅಂದಿದ್ದೆಲ್ಲ.”

ಇಪ್ಪತ್ತೈದು ವರ್ಷ! ನಾನು ಕಾಲ ಬೆರಳು ನೋಡುತ್ತಾ ಕೂತೆ. “ತಪ್ಪಾತವ್ವ” ಅಂದೆ. ಅವಳು ಕಲ್ಲು ಆರಿಸಿ ಎಸೆದಳು, ಅಷ್ಟೇ.

“ದೊಡ್ಡಣ್ಣನ್ನ ನೀನೇ ಮನಿ ಬಿಡಿಸಿದ್ದಾ?”

“ಹ್ಞೂಂ. ನಾನೇ.”

ಅಲ್ಲ ಅನ್ನುತ್ತಾಳೆ, ಅತ್ತು ಏನಾದರೂ ಒಳ್ಳೇ ಕಾರಣ ಹೇಳುತ್ತಾಳೆ ಅಂತ ನಾನು ಕಾದಿದ್ದೆ. ನಾಯಿಮರಿ ಕೇಳುವ ಬುದ್ಧಿ ಬಿಡುತ್ತದೆಯೇ?

“ಆ ಹೆಸರು ಇಟ್ಟ ಮ್ಯಾಲ ಅವನ ಮುಂದ ತಾಟು ಇಡಾಕೂ ಕೈ ನಡುಗತಿತ್ತು. ಮುಂದಿನ ಕದ ತೆಗೆದಿಟ್ಟು ಬಡಸ್ತಿದ್ದೆ, ಹೊರಗಿನವ್ರಿಗೆ ಕಾಣ್ಲಿ ಅಂತ. ಅವನೂ ತಲಿ ತಗ್ಗಿಸಿ ಉಣ್ಣೋನು. ಒಂದಿನ ಜ್ವರ ಬಂದು ಮಲಗಿದ್ದ. ಹಣಿ ಮುಟ್ಟಿ ನೋಡ್ಲಿಲ್ಲ ನಾನು. ಹಂಗ ಎಷ್ಟು ದಿನ? ನಿಮ್ಮ ದೊಡ್ಡಪ್ಪಗ ಅಂದೆ, ಅವನರ ಇರಬೇಕು, ನಾನರ ಇರಬೇಕು.”

“ಮತ್ತ ಗದ್ದಿ?”

“ಅದನ್ನೂ ಬರಸ್ಕೊಂಡೆ. ಎರಡು ಎಕರೆ. ಮುದುಕ ಸತ್ರ ನನ್ನ ಯಾರು ನೋಡ್ಕೊಂತಿದ್ರು, ನೀನಾ?”

“ಅವನಿಗೆ ಅನ್ಯಾಯ ಆಗ್ಲಿಲ್ಲೇನು?”

“ಆತು.”

ನಾನು ಇನ್ನೇನೋ ಬರುತ್ತದೆ ಅಂತ ನೋಡಿದೆ.

“ಆತು ಅಂದೆನಲ್ಲ. ಚಾ ಕುಡೀತಿಯೇನು?”

ಹೊಸಪೇಟೆಗೆ ವಾಪಸ್ ಬರುವಾಗ ದೊಡ್ಡಣ್ಣನ ಆಟೋದಲ್ಲೇ ಬಂದೆ. ಬಸ್‌ಸ್ಟ್ಯಾಂಡ್ ಹತ್ತಿರ ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿಂದೆವು. ನಿಧಾನಕ್ಕೆ ವಿಷಯ ತೆಗೆದೆ. “ಆಯಮ್ಮನ ಸುದ್ದಿ ಬಿಡಲೇ” ಅಂದ. ಬಿಟ್ಟೆ. ಅವನ ಸಿಟ್ಟಿಗೂ ಲೆಕ್ಕವಿದೆ. ಎರಡು ಎಕರೆ ನೀರಾವರಿ ಗದ್ದೆ ಏನು ಅಂತ ನನಗೂ ಗೊತ್ತು. ಅವಳ ಮಾತು ಕೇಳಿ ನನಗೆ ಅವಳು ಅರ್ಥವಾದಳು ನಿಜ, ಆದರೆ ನಾನು ಅವಳನ್ನು ಕ್ಷಮಿಸಿ ಅವನ ಗದ್ದೆ ತುಂಬಿಕೊಡಲು ಬರುವುದಿಲ್ಲ.

ತಂಗಿಗೆ ನಾನು ಕೊಟ್ಟ ಪಟ್ಟಿಯಲ್ಲಿ ಏನು ತಪ್ಪಿತ್ತು ಅಂತ ಆಗ ಹೊಳೆಯಿತು. ನಾನು ಆ ಹುಡುಗಿಯನ್ನು ಅರ್ಥ ಮಾಡಿಕೊಳ್ಳಲು ಹೋಗಿರಲಿಲ್ಲ, ನನಗೆ ಇಷ್ಟವಾಗುವ ಹಾಗೆ ಮಾಡು ಅಂದಿದ್ದೆ. ಎರಡೂ ಒಂದೇ ಅಂದುಕೊಂಡಿದ್ದೆ. ಅಮ್ಮನ ಆಪರೇಷನ್ ಸೇರಿಸಿದರೆ ಅವಳ ಆಸೆ ಅವಳದಾಗಿ ಉಳಿಯುವುದಿಲ್ಲ, ತ್ಯಾಗ ಆಗಿಬಿಡುತ್ತದೆ. ತ್ಯಾಗ ಮಾಡುವವರನ್ನು ಇಷ್ಟಪಡುವುದು ಯಾರಿಗೂ ಕಷ್ಟವಲ್ಲ. ಇನ್ನು ಕಾರಣವೇ ಬೇಡ, ಅವಳು ಕೆಟ್ಟವಳು ಅಷ್ಟೇ ಅಂದರೆ ಅದು ನಮ್ಮೂರು ಸಣ್ಣವ್ವನಿಗೆ ಮಾಡಿದ್ದು. ಬಯಲಾಟದಲ್ಲಿ ಆ ಟೈಲರಿಗೆ ಸಿಗುತ್ತಿದ್ದ ಅರ್ಧ ಗಂಟೆ ಸಣ್ಣವ್ವನಿಗೆ ಯಾರೂ ಕೊಡಲಿಲ್ಲ. ನೀನು ಯಾರು, ಎಲ್ಲಿಂದ ಬಂದೆ, ನಿನಗೇನು ಬೇಕು ಅಂತ ಯಾರೂ ಕೇಳಲಿಲ್ಲ. ನೇರ ಹೆಸರಿಟ್ಟರು. ಕೇಳಿದ್ದರೆ ಅವಳು ಒಳ್ಳೆಯವಳಾಗಿಬಿಡುತ್ತಿದ್ದಳು ಅಂತಲ್ಲ. ಜ್ವರ ಬಂದ ಹುಡುಗನ ಹಣೆ ಮುಟ್ಟುತ್ತಿದ್ದಳು, ಅಷ್ಟಾದರೂ ಆಗುತ್ತಿತ್ತು.

ಹೊಸಪೇಟೆಯಲ್ಲಿ ತಂಗಿಯ ಮನೆಗೆ ಹೋಗಿ ಹೇಳಿದೆ, “ಆ ಪಟ್ಟಿ ಡಿಲೀಟ್ ಮಾಡು. ಹುಡುಗಿ ಹಂಗೇ ಇರಲಿ. ಆದ್ರ ಆ ಸೈನಿಕ ಒಂದು ಸಲನಾದ್ರೂ ಅವಳಿಗೆ ‘ನಿನಗ ಇಷ್ಟು ದುಡ್ಡು ಯಾಕ ಬೇಕು’ ಅಂತ ಕೇಳ್ಲಿ. ಅವಳು ಏನು ಬೇಕಾದ್ರೂ ಹೇಳ್ಲಿ, ಸುಳ್ಳಾದ್ರೂ ಹೇಳ್ಲಿ. ಅವನು ಕೇಳ್ಬೇಕು. ಮತ್ತ ಆ ಫೋನ್ ಪುಷ್ಕರಣಿಗೆ ಎಸೆದ್ನಲ್ಲ, ಅದಕ್ಕ ಅವನ ಕಡಿಯಿಂದ ದಂಡ ಕಟ್ಟಿಸು.”

“ಅದು ಹದಿನೈದನೇ ಕಂತಿನಾಗ ಐತಿ. ನೀ ಹದಿನಾಲ್ಕಕ್ಕೇ ನಿಂತೀದಿ” ಅಂದಳು.

ಆಮೇಲೆ ಇನ್ನೊಂದು ಗುಟ್ಟು ಹೇಳಿದಳು. ಪ್ರತಿ ಕಂತನ್ನೂ ಅವಳು ಮೊದಲು ಓದಿ ಹೇಳುವುದು ಸಣ್ಣವ್ವನಿಗಂತೆ, ಫೋನಿನಲ್ಲಿ, ರಾತ್ರಿ ಹತ್ತಕ್ಕೆ. ಸಣ್ಣವ್ವ ಸ್ಪೀಕರ್ ಹಾಕಿಕೊಂಡು ಅಕ್ಕಿ ಆರಿಸುತ್ತಾ ಕೇಳುತ್ತಾಳಂತೆ. ಆ ಹುಡುಗಿ ತಾನೇ ಅಂತ ಅವಳಿಗೆ ಗೊತ್ತಾ ಅಂತ ಕೇಳಿದೆ. ತಂಗಿ ಭುಜ ಹಾರಿಸಿದಳು.

“ಏನಂದ್ಲು ಮತ್ತ, ಹುಡುಗಿ ಬಗ್ಗೆ?”

“ಹುಡುಗಿ ಬಗ್ಗೆ ಏನೂ ಅನ್ಲಿಲ್ಲ. ಏಳುನೂರು ವರ್ಷದ ಬಡ್ಡಿ ಲೆಕ್ಕ ತಪ್ಪಾಗೈತಿ ಅಂದ್ಲು. ನೋಡಿದ್ರ ಹೌದು, ತಪ್ಪಾಗೈತಿ.”